ಪಾರ್ವತಿ ಪಾಟೀಲ ಯಾವೂರಿನವಳು?

ಹ್ಯಾರಿ ಪಾಟರ್ ಓದಿದ ಮಕ್ಕಳಿರುವ ಮನೆಗಳಲ್ಲಿ, ಅದರಲ್ಲೂ ನಮ್ಮ ಮುಂಬಯಿ ಕಡೆಯ ಕನ್ನಡ ಮನೆಗಳಲ್ಲಿ, ಈ ಪ್ರಶ್ನೆ ಒಮ್ಮೆಯಾದರೂ ಬಂದಿರುತ್ತದೆ. ಓದದೇ ಇದ್ದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಜೆ. ಕೆ. ರೌಲಿಂಗ್ ಬರೆದ ಈ ಏಳು ಪುಸ್ತಕಗಳ ಮಾಲೆ 1997ರ ಜೂನ್ 26ರಂದು ಬ್ರಿಟನ್ನಿನಲ್ಲಿ ಶುರುವಾಗಿ 2007ರ ಜುಲೈ 21ಕ್ಕೆ ಮುಗಿಯಿತು. ಹಾಗ್ವರ್ಟ್ಸ್ ಅಂತ ಒಂದು ಮಾಟ-ಮಂತ್ರ ಕಲಿಸುವ ಶಾಲೆ. ಮೊದಲ ಪುಸ್ತಕದಲ್ಲಿ ಹೊಸದಾಗಿ ಸೇರಿದ ಮಕ್ಕಳನ್ನು ನಾಲ್ಕು ಹೌಸುಗಳಿಗೆ ಹಂಚುವಾಗ ಹಾಜರಿ ಕೂಗಿದ ಹಾಗೆ ಹೆಸರು ಕೂಗುತ್ತಾರೆ. ಅದರಲ್ಲಿ ಪಾಟೀಲ ಎಂಬ ಅವಳಿ ಹುಡುಗಿಯರು. ಅಷ್ಟೇ! ಒಬ್ಬಳು ಪಾರ್ವತಿ, ಇನ್ನೊಬ್ಬಳು ಪದ್ಮಾ ಅಂತ ತಿಳಿಯಬೇಕಾದರೆ ಇನ್ನಷ್ಟು ಪುಟ ತಿರುವಬೇಕು. ಊರು, ಭಾಷೆ, ಅಜ್ಜ-ಅಜ್ಜಿ... ಏಳು ಪುಸ್ತಕ ಮುಗಿದರೂ ಯಾವುದೂ ಇಲ್ಲ.

2005ರ ಸುಮಾರಿಗೆ ನಮ್ಮ ಸೊಸೈಟಿಯ ಮಕ್ಕಳು ಸಂಜೆ ಕಟ್ಟೆಯ ಮೇಲೆ ಕೂತು ಇದರ ಬಗ್ಗೆಯೇ ಜಗಳ ಆಡುತ್ತಿದ್ದರು. ಪಾಟೀಲ ಅಂದಮೇಲೆ ಅವಳು ಮರಾಠಿಯವಳೇ ಅಂತ ಒಬ್ಬ. ವಿಜಾಪುರದ ಕಡೆಯವರ ಮಗಳೊಬ್ಬಳು, "ಹಂಗ್ಯಾಕ? ನಮ್ಮ ಕಾಕಾನೂ ಪಾಟೀಲನ ಅದಾನ" ಅಂತ ಎದ್ದು ನಿಂತಳು. ಗುಜರಾತಿ ಹುಡುಗನೊಬ್ಬ ಇದು ಅಚ್ಚಿನ ತಪ್ಪು, ಅದು ಪಟೇಲ್ ಇರಬೇಕು ಅಂದ! ಕೇಳಿ ನಗು ಬಂತು. ಆದರೆ ಆಮೇಲೆ ಯೋಚಿಸಿದರೆ, ಮೂವರೂ ಇತಿಹಾಸದ ಒಂದೊಂದು ತುದಿ ಹಿಡಿದುಕೊಂಡೇ ಎಳೆಯುತ್ತಿದ್ದರು.

ಯಾಕೆಂದರೆ ಪಾಟೀಲ ಅನ್ನೋದು ಜಾತಿಯಲ್ಲ, ಭಾಷೆಯಲ್ಲ, ಅದೊಂದು ಹುದ್ದೆ. ಊರಿನ ಮುಖ್ಯಸ್ಥ, ಕಂದಾಯ ವಸೂಲಿ ಮಾಡುವವನು ಪಾಟೀಲ, ಲೆಕ್ಕ ಬರೆಯುವವನು ಕುಲಕರ್ಣಿ. ಧಾರವಾಡ, ಬೆಳಗಾವಿ, ವಿಜಾಪುರಗಳು 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದವಲ್ಲ, ಅಲ್ಲಿ ಈ ವತನದಾರಿಕೆಗಳನ್ನು 1874ರ ಒಂದು ಕಾಯಿದೆ ಕಟ್ಟುನಿಟ್ಟು ಮಾಡಿತ್ತು. ಆಮೇಲೆ ಮೈಸೂರು ರಾಜ್ಯ 1961ರ ಕಾಯಿದೆಯಿಂದ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನೇ ರದ್ದು ಮಾಡಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಲಿಂಗಾಯತರಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿ ಕೂಡ ಪಾಟೀಲರಿದ್ದಾರೆ. ನಮ್ಮ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು ಕಲಬುರ್ಗಿ ಕಡೆಯವರು, 2007ರಲ್ಲಿ ರಾಷ್ಟ್ರಪತಿಯಾದ ಪ್ರತಿಭಾ ಪಾಟೀಲರು ಜಳಗಾವ್ ಕಡೆಯವರು. ಗುಜರಾತಿನ ಪಟೇಲನೂ ಇದೇ ಬೇರಿನ ಕೊಂಬೆ. ಬ್ರಿಟನ್ನಿನವರಿಗೆ ಪಟೇಲ್ ಚೆನ್ನಾಗಿ ಪರಿಚಯದ ಹೆಸರು. 1972ರಲ್ಲಿ ಇದಿ ಅಮೀನ್ ಯುಗಾಂಡದಿಂದ ಏಷ್ಯಾದವರನ್ನು ಓಡಿಸಿದಾಗ ಅಲ್ಲಿಗೆ ಹೋಗಿ ಸೇರಿದವರಲ್ಲಿ ಪಟೇಲರು ಬಹಳ. ಅಂದರೆ ಹೆಸರೊಂದನ್ನೇ ಹಿಡಿದುಕೊಂಡು ಪಾರ್ವತಿಯ ಊರು ಹುಡುಕಲು ಹೊರಟರೆ ಅರ್ಧ ದಖ್ಖನ್ ಸುತ್ತಬೇಕು.

ಸಿನಿಮಾದವರು ಏನು ಮಾಡಿದರು ನೋಡಿ. 2005ರ ನಾಲ್ಕನೇ ಚಿತ್ರದಲ್ಲಿ ಈ ಅವಳಿಗಳಾಗಿ ನಟಿಸಿದವರು ಶೆಫಾಲಿ ಚೌಧುರಿ ಮತ್ತು ಅಫ್ಶಾನ್ ಆಜಾದ್. ಇಬ್ಬರೂ ಬ್ರಿಟನ್ನಿನಲ್ಲೇ ಬೆಳೆದವರು, ಮನೆತನದ ಮೂಲ ಬಾಂಗ್ಲಾದೇಶ. ಪುಸ್ತಕದಲ್ಲಿ ನೃತ್ಯಕೂಟಕ್ಕೆ ಪಾರ್ವತಿ ಕಡು ಗುಲಾಬಿ ನಿಲುವಂಗಿ ಹಾಕಿ, ಜಡೆಗೆ ಚಿನ್ನದ ಎಳೆ ಹೆಣೆದು, ಬಳೆ ತೊಟ್ಟು ಬರುತ್ತಾಳೆ. ಪದ್ಮಾಳದು ಹಸಿರು ಬೆರೆತ ನೀಲಿ. ಸಿನಿಮಾದಲ್ಲಿ ಇಬ್ಬರಿಗೂ ಒಂದೇ ಥರದ ಲೆಹೆಂಗಾ! ಪುಸ್ತಕದಲ್ಲಿ ಬೇರೆ ಬೇರೆ ಹೌಸಿನಲ್ಲಿದ್ದವರನ್ನು ಒಂದೇ ಹೌಸಿಗೂ ಹಾಕಿಬಿಟ್ಟರು. ಹೆಸರು ದಖ್ಖನ್ನಿನದು, ಮುಖ ಬಂಗಾಳದ್ದು, ಬಟ್ಟೆ ಉತ್ತರದ್ದು. ದೂರದಿಂದ ನೋಡುವವರಿಗೆ ಇಂಡಿಯಾ ಅಂದರೆ ಇಷ್ಟೇ, ಒಂದೇ ಗಂಟು.

ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ಡೀನ್ ಥಾಮಸ್ ಎಂಬ ಹುಡುಗ ಕಪ್ಪು ಜನಾಂಗದವನೋ ಅಲ್ಲವೋ ಅಂತ ಅಮೆರಿಕದ ಮಕ್ಕಳಿಗೂ ಇಂಗ್ಲೆಂಡಿನ ಮಕ್ಕಳಿಗೂ ವಾದ ಬಂದರೆ ಇಬ್ಬರೂ ಗೆಲ್ಲಬಹುದಿತ್ತು. 1998ರ ಅಮೆರಿಕದ ಆವೃತ್ತಿಯಲ್ಲಿ ಅವನು ಕಪ್ಪು ಹುಡುಗ ಅಂತ ಸ್ಪಷ್ಟವಾಗಿದೆ. 1997ರ ಬ್ರಿಟಿಷ್ ಆವೃತ್ತಿಯಲ್ಲಿ ಆ ಮಾತೇ ಇಲ್ಲ. ಅಧ್ಯಾಯ ಉದ್ದವಾಯಿತು ಅಂತ ಸಂಪಾದಕರು ಕತ್ತರಿಸಿದ್ದು ಅಂತ ಲೇಖಕಿಯೇ ಆಮೇಲೆ ವಿವರಿಸಿದರು. ನಮ್ಮ ಹಳಗನ್ನಡ ವಿದ್ವಾಂಸರು ಓಲೆಗರಿ ಎದುರಿಗಿಟ್ಟುಕೊಂಡು ಮಾಡುತ್ತಿದ್ದ ಪಾಠಾಂತರದ ಕೆಲಸವನ್ನು ಹನ್ನೆರಡು ವರ್ಷದ ಮಕ್ಕಳು ತಾವಾಗಿಯೇ ಮಾಡಿದರಲ್ಲ!

ಬ್ಲೇಸ್ ಜಬೀನಿಯದು ಇನ್ನೂ ತಮಾಷೆ. ಮೊದಲ ಪುಸ್ತಕದಲ್ಲಿ ಬರೀ ಹೆಸರು. ಎಂಟು ವರ್ಷ ಮಕ್ಕಳು ಅವನನ್ನು ಇಟಲಿಯ ಬಿಳಿ ಹುಡುಗ ಅಂತಲೋ, ಹುಡುಗಿ ಅಂತಲೋ ಕಲ್ಪಿಸಿಕೊಂಡು ಕಥೆ ಕಟ್ಟಿದರು. 2005ರ ಜುಲೈ 16ರಂದು ಆರನೇ ಪುಸ್ತಕ ಬಂತು, ನೋಡಿದರೆ ಎತ್ತರದ ಕಪ್ಪು ಹುಡುಗ. ಬರೆಯದೆ ಬಿಟ್ಟ ಜಾಗಕ್ಕೆ ಎಲ್ಲರ ಕೈಯೂ ತಾನಾಗಿ ಬಿಳಿ ಬಣ್ಣವನ್ನೇ ಹಚ್ಚಿತ್ತು. ಸಿನಿಮಾದಲ್ಲೂ ಹಾಗೇ. ಲ್ಯಾವೆಂಡರ್ ಬ್ರೌನ್ ಎಂಬ ಹುಡುಗಿಯ ಪಾತ್ರವನ್ನು 2002 ಮತ್ತು 2004ರ ಚಿತ್ರಗಳಲ್ಲಿ ಕಪ್ಪು ಹುಡುಗಿಯರು ಮಾಡಿದ್ದರು, ಮಾತು ಅಂತ ಇರಲಿಲ್ಲ. 2009ರಲ್ಲಿ ಅದೇ ಪಾತ್ರ ನಾಯಕನ ಗೆಳೆಯ ರಾನ್‌ನ ಪ್ರೇಯಸಿಯಾಗಿ ದೊಡ್ಡದಾದಾಗ ಬಂದವಳು ಬಿಳಿ ನಟಿ ಜೆಸ್ಸಿ ಕೇವ್. ಇದನ್ನು ಮೊದಲು ಎತ್ತಿ ತೋರಿಸಿದವರೂ ಒಂದೊಂದು ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡುವ ಇಂಥ ಎಳೆಯರೇ.

ಆಮೇಲೆ 2015ರ ಡಿಸೆಂಬರ್. ಲಂಡನ್ನಿನ ಹೊಸ ನಾಟಕದಲ್ಲಿ ನಾಯಕಿ ಹರ್ಮೈನಿಯ ಪಾತ್ರಕ್ಕೆ ನೋಮಾ ಡುಮೆಜ್ವೇನಿ ಎಂಬ ಕಪ್ಪು ನಟಿ ಅಂತ ಪ್ರಕಟವಾಯಿತು. ದೊಡ್ಡ ಗಲಾಟೆ. ಅವಳ ಚರ್ಮ ಬಿಳಿ ಅಂತ ನಾನೆಲ್ಲೂ ಹೇಳಿಲ್ಲ ಅಂದರು ರೌಲಿಂಗ್. ಅಭಿಮಾನಿಗಳು ಬಿಡುತ್ತಾರೆಯೇ? ಮೂರನೇ ಪುಸ್ತಕದಲ್ಲಿ ಅವಳ ಮುಖ ಬೆಳ್ಳಗಿತ್ತು ಅಂತ ಒಂದು ಸಾಲಿದೆ ಅಂತ ತೆಗೆದು ತೋರಿಸಿದರು. ಅದೇ ಪುಸ್ತಕದಲ್ಲಿ ರಜೆ ಮುಗಿಸಿ ಬಂದ ಅವಳು ಕಂದು ಬಣ್ಣಕ್ಕೆ ತಿರುಗಿದ್ದಳು ಅಂತಲೂ ಇದೆ ಅಂತ ಇನ್ನೊಂದು ಪಕ್ಷ! ಒಂದು ಹೆದರಿಕೆಯದ್ದು, ಒಂದು ಬಿಸಿಲಿನದ್ದು. ಎರಡರಿಂದಲೂ ಜನಾಂಗ ತೀರ್ಮಾನವಾಗುವುದಿಲ್ಲ. ನೋಮಾ ಅವರಿಗೆ 2017ರಲ್ಲಿ ಇದೇ ಪಾತ್ರಕ್ಕೆ ಒಲಿವಿಯೆ ಪ್ರಶಸ್ತಿ ಬಂತು.

ನಮಗೆ ಇನ್ನೂ ಹತ್ತಿರದ್ದು ನಾಗಿನಿಯ ಕಥೆ. ಪುಸ್ತಕಗಳಲ್ಲಿ ಅದು ಖಳನಾಯಕನ ಹಾವು. 2018ರ ಚಿತ್ರದಲ್ಲಿ ಅವಳು ಶಾಪಗ್ರಸ್ತ ಹೆಣ್ಣು ಅಂತ ತೋರಿಸಿ, ಕೊರಿಯಾದ ನಟಿ ಕ್ಲೌಡಿಯಾ ಕಿಮ್ ಅವರನ್ನು ಹಾಕಿದರು. ನಾಗ ಅನ್ನೋದು ಇಂಡೊನೇಷ್ಯಾದ ಪುರಾಣದ್ದು ಅಂತ ಲೇಖಕಿ ವಿವರಣೆ ಕೊಟ್ಟರು. ನಮ್ಮ ಹುಡುಗರಿಗೆ ಸಿಟ್ಟು ಬಂತು. ನಾಗರ ಪಂಚಮಿ ನಮ್ಮದು, ನಾಗರಕಲ್ಲು ನಮ್ಮದು, ಕುಕ್ಕೆ ಸುಬ್ರಹ್ಮಣ್ಯ ನಮ್ಮದು, ಇಂಡೊನೇಷ್ಯಾ ಎಲ್ಲಿಂದ ಬಂತು? ಪದ ಸಂಸ್ಕೃತದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಕಡಲು ದಾಟಿ ಜಾವಾಕ್ಕೆ ಹೋಗಿ ಸಾವಿರ ವರ್ಷದ ಮೇಲಾಯಿತು. ಅಲ್ಲಿನ ಗುಡಿಯಲ್ಲಿ, ಕಥೆಯಲ್ಲಿ ನೆಲೆ ನಿಂತಿದೆ. ಈಗ ಅವರದ್ದಲ್ಲ ಅನ್ನೋದು ಹ್ಯಾಗೆ? ಹುಟ್ಟಿದ್ದು ಒಂದು ಕಡೆ, ನೆಲೆಸಿದ್ದು ಇನ್ನೊಂದು ಕಡೆ. ಮೂವತ್ತು-ನಲವತ್ತು ವರ್ಷದಿಂದ ಪರವೂರಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಕಥೆಯಲ್ಲಿ ಏನು ಯಕ್ಷಿಣಿ ಬೇಕಾದರೂ ನಡೆಯಲಿ, ಪಾತ್ರಗಳ ಜಾತಕ ಯಾಕೆ ಅಂತ ಕೆಲವರು ಕೇಳುತ್ತಾರೆ. ಆದರೆ ಈ ಮಾಲೆಯ ಹೊಟ್ಟೆಯಲ್ಲೇ ಆ ಜಾತಕ ಇದೆಯಲ್ಲ! ಮೊದಲ ಪುಸ್ತಕದಲ್ಲೇ, ಬಟ್ಟೆ ಅಂಗಡಿಯಲ್ಲಿ ಡ್ರೇಕೋ ಮ್ಯಾಲ್ಫಾಯ್ ಎಂಬ ಶ್ರೀಮಂತ ಹುಡುಗ ಅನಾಥ ಹ್ಯಾರಿಗೆ ಎರಡು ಪ್ರಶ್ನೆ ಕೇಳುತ್ತಾನೆ. ನಿನ್ನ ಅಪ್ಪ-ಅಮ್ಮ ನಮ್ಮವರೇ ತಾನೇ? ನಿನ್ನ ಅಡ್ಡಹೆಸರೇನು? ಮುಂದೆ ಇದೇ ಹುಡುಗ ಹರ್ಮೈನಿಯನ್ನು, ಅವಳ ತಂದೆ-ತಾಯಿ ಮಂತ್ರ ಬಲ್ಲವರಲ್ಲ ಅನ್ನುವ ಕಾರಣಕ್ಕೆ, ಮಡ್‌ಬ್ಲಡ್ ಅಂತ ಬೈಯುತ್ತಾನೆ. ಕೊಳಕು ರಕ್ತದವಳು ಅಂತ ಅರ್ಥ. ಕೊನೆಯ ಪುಸ್ತಕದಲ್ಲಿ ಸರಕಾರವೇ ಅಂಥವರ ಪಟ್ಟಿ ಮಾಡಿ ವಿಚಾರಣೆಗೆ ಕೂರಿಸುತ್ತದೆ.

ಕಟ್ಟೆಯ ಮೇಲಿನ ಮಕ್ಕಳೂ ಅಡ್ಡಹೆಸರನ್ನೇ ಕೆದಕುತ್ತಿದ್ದರು. ಆದರೆ ಅವರಿಗೆ ಬೇಕಾಗಿದ್ದು ಆ ದೊಡ್ಡ ಶಾಲೆಯಲ್ಲಿ ತಮಗೂ ಒಂದು ಬೆಂಚು ಇದೆ ಅನ್ನುವ ಖಾತ್ರಿ. ಮ್ಯಾಲ್ಫಾಯ್‌ಗೆ ಬೇಕಾಗಿದ್ದು ಯಾರನ್ನು ಬೆಂಚಿನಿಂದ ಎಬ್ಬಿಸಬಹುದು ಅನ್ನುವ ಲೆಕ್ಕ. "ಯಾವೂರಾಯ್ತು?" ಅಂತ ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಕೇಳಿದರೆ ಕರುಳು ಚುರ್ ಅನ್ನುತ್ತದೆ. ಅದೇ ಮಾತನ್ನು ಬಾಡಿಗೆ ಮನೆ ಕೊಡುವವರು ಇನ್ನೊಂದು ದನಿಯಲ್ಲಿ ಕೇಳುವುದೂ ಉಂಟು. ಆ ದನಿಯ ವ್ಯತ್ಯಾಸವನ್ನು ಮಕ್ಕಳಿಗೆ ನಾವು ತಿಳಿಸಿ ಹೇಳದಿದ್ದರೆ ಇನ್ಯಾರು ಹೇಳಬೇಕು?

ಇಷ್ಟಾದ ಮೇಲೆ ಪಾರ್ವತಿ ಯಾವೂರಿನವಳು ಅನ್ನಿ! ಪುಸ್ತಕದಲ್ಲಿ ಸಿಗುವುದು ಇಷ್ಟು. ಆರನೇ ವರ್ಷದ ಕೊನೆಯಲ್ಲಿ ಶಾಲೆಯ ಮೇಲೆ ದಾಳಿಯಾಗಿ ಹೆಡ್‌ಮಾಸ್ತರರು ಕೊಲೆಯಾದಾಗ, ಮರುದಿನ ಬೆಳಗಿನ ತಿಂಡಿಗೂ ಮೊದಲೇ ಅಕ್ಕತಂಗಿಯರಿಬ್ಬರೂ ಮನೆಗೆ ಹೊರಟುಹೋದರು. ಆದರೆ ಮುಂದಿನ ವರ್ಷ ಹಾಗ್ವರ್ಟ್ಸಿನ ಕೊನೆಯ ಯುದ್ಧದಲ್ಲಿ ಇಬ್ಬರೂ ಅಲ್ಲಿದ್ದಾರೆ. ಕಪ್ಪು ಹುಡುಗ ಡೀನ್ ಒಂದು ಕಡೆ, ಪಾರ್ವತಿ ಇನ್ನೊಂದು ಕಡೆ, ಶತ್ರುಗಳಿಗೆ ಎದುರಾಗಿ ನಿಂತು ಹೋರಾಡುತ್ತಿದ್ದಾರೆ. ಆ ಹೊತ್ತಿನಲ್ಲಿ ಅವಳನ್ನು ಯಾರೂ ನೀನು ಎಲ್ಲಿಯವಳು ಅಂತ ಕೇಳಲಿಲ್ಲ.

ನಿಮ್ಮ ಮನೆಯ ಮಕ್ಕಳು ಅವಳನ್ನು ಯಾವೂರಿಗೆ ಸೇರಿಸಿದರು? ಒಮ್ಮೆ ಕೇಳಿ ನೋಡಿ.