ಮರದ ಹಂಪಿ

ಅಮೆರಿಕದ ಮನರಂಜನಾ ಪಾರ್ಕುಗಳಿಗೆ ಅಕ್ಟೋಬರ್ ಎಂದರೆ ಹ್ಯಾಲೋವೀನ್ ಹಂಗಾಮು. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ 1973ರಲ್ಲಿ ದೆವ್ವದ ವೇಷಗಳನ್ನು ಹೊರಡಿಸಿ ಜನ ಸೇರಿಸಿದ ಮೇಲೆ ಅದೇ ಒಂದು ದೊಡ್ಡ ವ್ಯಾಪಾರವಾಯಿತು. ಹಲಗೆ, ಬಟ್ಟೆ, ಬಣ್ಣ, ಹೊಗೆಯಿಂದ ಕೆಲವು ವಾರಗಳ ಮಟ್ಟಿಗೆ ಇನ್ನೊಂದು ಲೋಕವನ್ನೇ ಕಟ್ಟುತ್ತಾರೆ, ನವೆಂಬರ್ ಬಂತೆಂದರೆ ಬಿಚ್ಚಿಡುತ್ತಾರೆ. ಇದು ನಮ್ಮದಲ್ಲದ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಹ್ಯಾಲೋವೀನ್ ನಮ್ಮದಲ್ಲ, ನಿಜ. ಆದರೆ ಒಂದು ಹಂಗಾಮಿಗೆಂದೇ ಬೆರಗನ್ನೂ ಭಯವನ್ನೂ ಕಟ್ಟಿ ನಿಲ್ಲಿಸುವ ಕಸುಬು ನಮಗೆ ಹೊಸದೇ? ದೋಣಿಮಲೈಯ ಅದಿರಿನ ಬೆಟ್ಟ ಇಳಿದು, ಸಂಡೂರು ಹೊಸಪೇಟೆ ದಾಟಿದರೆ ಸಿಗುವ ಹಂಪಿಯಲ್ಲಿ ಆ ಕಸುಬು ಐನೂರು ವರ್ಷಗಳ ಹಿಂದೆಯೇ ಯಂತ್ರಸಮೇತ ನಡೆದಿತ್ತು. ಅದು ನಮ್ಮ ನೆನಪಿನಲ್ಲಿ ಉಳಿಯದೆ ಹೋದದ್ದಕ್ಕೆ ಕಾರಣ, ಅದು ಕಲ್ಲಿನದಾಗಿರಲಿಲ್ಲ, ಮರದ್ದಾಗಿತ್ತು.

ಇದಕ್ಕೆ ಮೊದಲ ಸಾಕ್ಷಿ ಅಬ್ದುರ್ ರಜಾಕ್. ಹೆರಾತ್‌ನ ಸುಲ್ತಾನ ಶಾರೂಖನ ರಾಯಭಾರಿಯಾಗಿ ವಿಜಯನಗರದ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದು, 1443ರ ಮಹಾನವಮಿಯನ್ನು ಕಣ್ಣಾರೆ ಕಂಡವನು. ನಾಡಿನ ಮೂಲೆಮೂಲೆಯಿಂದ ಬಂದ ಸಾವಿರ ಆನೆಗಳು, ವಿಶಾಲ ಬಯಲು, ಅದರಲ್ಲಿ ಎರಡರಿಂದ ಐದು ಅಂತಸ್ತಿನವರೆಗೆ ಎದ್ದ ಮಂಟಪಗಳು, ಅವುಗಳ ಮೈತುಂಬ ಚಿತ್ರಗಳು ಎಂದೆಲ್ಲ ಅವನು ವರ್ಣಿಸುತ್ತಾನೆ. ಇಷ್ಟನ್ನು ಯಾವ ಪ್ರವಾಸಿಯಾದರೂ ಬರೆದಾನು. ಮುಂದಿನದು ಮಾತ್ರ ಹಾಗಲ್ಲ. ಕೆಲವು ಮಂಟಪಗಳು ಗರಗರನೆ ತಿರುಗುತ್ತಿದ್ದವು, ತಿರುಗಿದಂತೆಲ್ಲ ಹೊಸದೊಂದು ಕೋಣೆ ನೋಡುವವರ ಎದುರಿಗೆ ಬರುತ್ತಿತ್ತು. ಇನ್ನೊಂದೆಡೆ ಎತ್ತರದ ಕಂಬದ ಮೇಲೆ ಅಡ್ಡ ತೊಲೆ. ತೊಲೆಯ ಒಂದು ತುದಿಗೆ ಆನೆಯ ತೂಕದ ಕಲ್ಲು, ಇನ್ನೊಂದು ತುದಿಯ ಹಲಗೆಯ ಮೇಲೆ ಸಾಕ್ಷಾತ್ ಆನೆ! ಅದು ಮೇಲೆ ಕೆಳಗೆ ಆಡುತ್ತ ವಾದ್ಯದ ತಾಳಕ್ಕೆ ಸೊಂಡಿಲು ತೂಗುತ್ತಿತ್ತಂತೆ. ಹೆರಾತ್‌ನ ಪಂಡಿತನಿಗೆ ಇದು ಪವಾಡ. ಏತದಿಂದ ನೀರೆತ್ತಿದ ನಾಡಿನವರಿಗೆ ಇದರ ಗುಟ್ಟು ತಿಳಿಯಲು ಹೆಚ್ಚು ಹೊತ್ತು ಬೇಡ. ತೊಲೆ, ಕಂಬ, ಎದುರು ತೂಕ ಎಲ್ಲವೂ ಏತದವೇ; ಕೊಡ ಕಟ್ಟುವ ಕಡೆ ಆನೆ ನಿಂತಿದೆ, ಅಷ್ಟೆ. ತೇರು ಕಟ್ಟಿ ಉರುಳಿಸಬಲ್ಲ ಬಡಗಿಗಳಿದ್ದ ಊರಿಗೆ ತಿರುಗುವ ಮಂಟಪವೂ ನಿಲುಕದ ಮಾತಲ್ಲ.

ಪ್ರವಾಸಿಗರು ಒಂದಕ್ಕೆ ಹತ್ತು ಸೇರಿಸಿ ಬರೆಯುತ್ತಾರೆ, ಇದನ್ನು ಎಷ್ಟು ನಂಬುವುದು ಎಂಬ ಆಕ್ಷೇಪ ಸಹಜ. ಅಂಕಿಗಳ ವಿಷಯದಲ್ಲಿ ಅದನ್ನು ಒಪ್ಪೋಣ. ಆದರೆ ಮುಕ್ಕಾಲು ಶತಮಾನ ಕಳೆದು, ಸುಮಾರು 1520ರಲ್ಲಿ ಕೃಷ್ಣದೇವರಾಯನ ಮಹಾನವಮಿ ಕಂಡ ಪೋರ್ಚುಗೀಸ್ ಡೊಮಿಂಗೊ ಪಾಯಿಸ್, ರಜಾಕನ ಬರಹವನ್ನು ಓದಿ ಬಂದವನಲ್ಲ. ಅವನಿಗೂ ಕಂಡದ್ದು ಹಬ್ಬಕ್ಕೆಂದೇ ಎಬ್ಬಿಸಿದ ಮರದ ಅಟ್ಟಣೆಗಳು, ಅವಕ್ಕೆ ಹೊದಿಸಿದ ಬಟ್ಟೆ, ಜಟ್ಟಿಗಳ ಕಾಳಗ, ಇರುಳಿನ ಪಂಜು, ಒಳಗಿಂದ ಬಾಣಬಿರುಸು ಉಗುಳುತ್ತ ಉರಿದುಹೋಗುವ ಕೋಟೆಗಳು. ಇಬ್ಬರ ಭಾಷೆ ಬೇರೆ, ಧರ್ಮ ಬೇರೆ, ಕಾಲ ಬೇರೆ. ಕಂಡ ಬಗೆ ಒಂದೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಹಾನವಮಿ ದೇವಿಯ ಪೂಜೆ, ಸೈನ್ಯದ ತಪಾಸಣೆ, ಕಪ್ಪಕಾಣಿಕೆಯ ಲೆಕ್ಕಾಚಾರ. ಅದನ್ನು ಮನರಂಜನೆ ಎನ್ನುವುದು ಸರಿಯೇ? ಈ ಹಬ್ಬದ ಹೊತ್ತಿಗೇ ನಾಯಕರು ಅರಸನಿಗೆ ಹಣ ಸಲ್ಲಿಸುತ್ತಿದ್ದರು ಎಂದು 1530ರ ದಶಕದಲ್ಲಿ ಬರೆದ ಇನ್ನೊಬ್ಬ ಪೋರ್ಚುಗೀಸ್ ನ್ಯೂನಿಜ್ ಹೇಳುತ್ತಾನೆ. ಮಳೆ ಹಿಂದೆಗೆದು, ದಾರಿ ಒಣಗಿ, ದಂಡು ಹೊರಡುವ ಕಾಲವದು. ಹಂಗಾಮಿನ ಹಿಂದೆ ಹಣದ ಲೆಕ್ಕ ಇಲ್ಲಿಯೂ ಇತ್ತು, ಪಾರ್ಕಿನ ಗಲ್ಲಾಪೆಟ್ಟಿಗೆಯಲ್ಲಿಯೂ ಇದೆ. ಆದರೆ ಪೂಜೆಗಾಗಲಿ ಲೆಕ್ಕಕ್ಕಾಗಲಿ ತಿರುಗುವ ಕೋಣೆ ಬೇಕಿರಲಿಲ್ಲ. ದೇವಿಯನ್ನು ನಂಬದ ರಾಯಭಾರಿಯೂ ಬೆರಗಾಗಿ ಕೂರಬೇಕು ಎಂಬ ಎಣಿಕೆಯಿಂದಲೇ ಅದನ್ನು ಕಟ್ಟಿದ್ದು.

ಭಯದ ಮಾತಿಗೆ ಬಂದರೆ ಹೋಲಿಕೆ ಸ್ವಲ್ಪ ತಪ್ಪುತ್ತದೆ, ತಪ್ಪಲೂ ಬೇಕು. ಪಾರ್ಕಿನಲ್ಲಿ ಟಿಕೆಟ್ ಕೊಂಡವನಿಗೆ ಭಯವೇ ಸರಕು; ದೆವ್ವ ಮೈಮೇಲೆ ಬೀಳುವುದಿಲ್ಲವೆಂಬ ಭರವಸೆ ಟಿಕೆಟ್ಟಿನಲ್ಲೇ ಇರುತ್ತದೆ. ಹಂಪಿಯಲ್ಲಿ ಹಾಗಿರಲಿಲ್ಲ. ಕೊನೆಯ ದಿನ 250 ಕೋಣ, 4500 ಕುರಿಗಳ ತಲೆ ಬಿತ್ತೆಂದು ಪಾಯಿಸ್ ಬರೆಯುತ್ತಾನೆ. ಲೆಕ್ಕ ಹೆಚ್ಚುಕಡಿಮೆ ಇದ್ದೀತು, ನೆತ್ತರು ಮಾತ್ರ ನಿಜದ್ದು. ಅದನ್ನು ನೋಡುತ್ತ ಕುಳಿತ ನಾಯಕನಿಗೆ, ಕಪ್ಪ ತಪ್ಪಿದರೆ ಏನಾದೀತೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ. ಬಾಗಿಲಲ್ಲಿ ಕೋಲು, ಚಾಟಿ ಹಿಡಿದ ಕಾವಲಿನವರು ದೊರೆಗಳನ್ನೂ ಅಪ್ಪಣೆ ಪಡೆದವರನ್ನೂ ಬಿಟ್ಟು ಇನ್ನಾರನ್ನೂ ಒಳಗೆ ಬಿಡುತ್ತಿರಲಿಲ್ಲ ಎಂಬುದೂ ಅವನದೇ ಮಾತು. ಕಂಪ್ಲಿಯ ರೈತನೋ ಸಂಡೂರಿನ ಕುರಿಗಾಹಿಯೋ ಆ ಅಂಗಳಕ್ಕೆ ಕಾಲಿಟ್ಟಿರಲಾರ. ಗತವೈಭವವೆಂದು ಹಾಡುವಾಗ ನಾವು ಈ ಚಾಟಿಯನ್ನು ಮರೆಯುತ್ತೇವೆ.

ಆ ಬಾಗಿಲು ಜನರಿಗೆ ತೆರೆದದ್ದು ಬಹಳ ತಡವಾಗಿ. 1565ರಲ್ಲಿ ರಾಜಧಾನಿ ಹಾಳಾಯಿತು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ದರ್ಬಾರನ್ನು ಮತ್ತೆ ಹೂಡಿದರು. 1880ರಲ್ಲಿ ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಶುರುವಾಯಿತು. ಅಂದಿನ ಪ್ರದರ್ಶನದ ಉದ್ದೇಶ ಬೇರೆಯೇ ಇದ್ದರೂ, ಕಾಲ ಕಳೆದಂತೆ ದೊಡ್ಡ ತಿರುಗುತೊಟ್ಟಿಲು ಅದರ ಗುರುತಾಯಿತು. ಇಂದು ಹಳ್ಳಿಯ ಜಾತ್ರೆಯಲ್ಲಿ ಜೈಂಟ್ ವೀಲ್ ಹತ್ತಿ ಕಿರುಚುವ ಹುಡುಗಿ, ಒಂದು ಕಾಲಕ್ಕೆ ರಾಯಭಾರಿಗಷ್ಟೇ ಮೀಸಲಾಗಿದ್ದ ಬೆರಗನ್ನು ಹತ್ತಾರು ರೂಪಾಯಿಗೆ ಕೊಳ್ಳುತ್ತಾಳೆ. ಇದನ್ನು ಇಳಿತ ಎಂದು ಕರೆಯಲು ನನಗೆ ಮನಸ್ಸಿಲ್ಲ. ಈ ಸೀಮೆಯ ಗಣಿಗಳಲ್ಲಿ ಡಂಪರಿಗೆ ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೆಯುವ ಆಯುಧಪೂಜೆಯೂ ಆ ಒಂಬತ್ತು ದಿನಗಳ ಕಡೆಯ ಕುಡಿಯೇ. ಅಂದು ಕುದುರೆ ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಅದಿರಿನ ಲಾರಿ ನಿಂತಿದೆ.

1980ರ ದಶಕದಲ್ಲಿ ರಾಜಕಾರಣಿ ಎಂ.ಪಿ. ಪ್ರಕಾಶರ ಮುತುವರ್ಜಿಯಿಂದ ಮೊದಲಾದ ಹಂಪಿ ಉತ್ಸವಕ್ಕೆ ಪ್ರತಿ ಸಲ ವೇದಿಕೆ, ಕಮಾನು, ದೀಪದ ಗೋಪುರ ಏಳುತ್ತವೆ, ಮುಗಿದ ಕೂಡಲೇ ಲಾರಿ ಹತ್ತುತ್ತವೆ. ಮುಂದಿನವರ ಪಾಲಿಗೆ ಇವುಗಳ ಗುರುತೂ ಉಳಿಯುವುದಿಲ್ಲ. ಪುಣ್ಯಕ್ಕೆ ಮಹಾನವಮಿ ದಿಬ್ಬ ಒಂದಿಷ್ಟು ಗುರುತು ಉಳಿಸಿಕೊಂಡಿದೆ. ಪಕ್ಕದ ಗೋಡೆಯ ಆನೆ, ಒಂಟೆ, ಜಟ್ಟಿ, ನರ್ತಕಿಯರ ಸಾಲನ್ನು ಎಲ್ಲರೂ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಮುಂದಿನ ಸಲ ಮೆಟ್ಟಿಲು ಹತ್ತಿ ನೆತ್ತಿಯ ಮೇಲೆ ನಿಂತಾಗ ಕಾಲಡಿಯನ್ನೂ ಒಮ್ಮೆ ನೋಡಿ. ಅಲ್ಲಿ ಕಾಣುವ ಕುಳಿಗಳು ಮರದ ಕಂಬಗಳನ್ನು ನೆಟ್ಟಿದ್ದ ಜಾಗ.