ಸುಲ್ತಾನನ ಕನಸಿನ ಕಡತ

ನಾಡನ್ನಾಳುವವನು ಕಂಡ ಕನಸು ಅವನೊಬ್ಬನ ಸ್ವತ್ತಲ್ಲ ಎಂಬುದು ಹಿಂದಿನವರ ನಂಬಿಕೆ. ದೊರೆಯಾದವನು ಬೆಳಗಾಗೆದ್ದು ಅದನ್ನು ಗುರುವಿನ ಮುಂದೆ ಅರಿಕೆ ಮಾಡಿಕೊಳ್ಳಬೇಕು, ಗುರು ಫಲ ಹೇಳಬೇಕು, ಫಲ ಕೇಡಿನದಾದರೆ ನಾಡೇ ಅದಕ್ಕೆ ಸಿದ್ಧವಾಗಬೇಕು. ಶ್ರವಣಬೆಳಗೊಳದ ಪರಂಪರೆ ಇದಕ್ಕೆ ಹಳೆಯ ಸಾಕ್ಷಿ. ಚಂದ್ರಗುಪ್ತ ಮೌರ್ಯ ಒಂದೇ ರಾತ್ರಿ 16 ಕನಸು ಕಂಡನಂತೆ. ಮುಳುಗುವ ಸೂರ್ಯ, ಮುರಿದ ಕಲ್ಪವೃಕ್ಷದ ಕೊಂಬೆ, ಬತ್ತಿದ ಕೆರೆ, ಚಿನ್ನದ ಬಟ್ಟಲಲ್ಲಿ ಪಾಯಸ ಉಣ್ಣುವ ನಾಯಿ, ಕೊನೆಗೆ ಹನ್ನೆರಡು ಹೆಡೆಯ ಹಾವು. ಭದ್ರಬಾಹು ಮುನಿಗಳು ಮುಖಸ್ತುತಿ ಮಾಡಲಿಲ್ಲ. ಹನ್ನೆರಡು ಹೆಡೆ ಎಂದರೆ ಹನ್ನೆರಡು ವರ್ಷದ ಕ್ಷಾಮ ಎಂದರು. ಜೈನ ಮುನಿಗಳ ಸಂಘ ದಕ್ಷಿಣಕ್ಕೆ ಹೊರಟಿತು. ಅರಸ ಕಿರೀಟ ಇಳಿಸಿ ಗುರುವಿನ ಹಿಂದೆ ನಡೆದ. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಶಿಲ್ಪಿ ದಾಸೋಜ ಆ ಗುರುಶಿಷ್ಯರ ಕಥೆಯನ್ನು ಕೆತ್ತಿದ್ದಾನೆ.

ಅದೇ ಬೆಟ್ಟದ ಮೇಲೆ ಗಂಗರ ಮಂತ್ರಿ ಚಾವುಂಡರಾಯನಿಗೂ ಕನಸಾಯಿತು ಎನ್ನುತ್ತದೆ ಸ್ಥಳೀಯ ಐತಿಹ್ಯ. ಪೌದನಪುರದ ಬಾಹುಬಲಿಯ ದರ್ಶನಕ್ಕೆಂದು ತಾಯಿಯೊಡನೆ ಹೊರಟವನಿಗೆ ಯಕ್ಷಿ ಕೂಷ್ಮಾಂಡಿನಿ ಕನಸಿನಲ್ಲಿ ಬಂದು, ಎದುರಿನ ಬೆಟ್ಟಕ್ಕೆ ಬಾಣ ಬಿಡು ಎಂದಳು. ಬಾಣ ನಾಟಿದಲ್ಲಿ 981ರ ಸುಮಾರಿಗೆ 58 ಅಡಿಯ ಗೊಮ್ಮಟ ಎದ್ದುನಿಂತ. ಒಂದು ಕನಸು ನಾಡು ಬಿಡಿಸಿತು, ಇನ್ನೊಂದು ಕಲ್ಲು ಕಡೆಸಿತು. ಎರಡೂ ಜನರ ಬಾಯಿಗೆ ಬಿದ್ದು ಕಥೆಯಾದವು.

ಅಲ್ಲಿಂದ ಒಂದೆರಡು ದಿನದ ಕಾಲುಹಾದಿಯಷ್ಟು ದೂರದ ಶ್ರೀರಂಗಪಟ್ಟಣದಲ್ಲಿ, ಎಂಟು ಶತಮಾನಗಳ ತರುವಾಯ, ಇನ್ನೊಬ್ಬ ಅರಸ ತನ್ನ ಕನಸುಗಳನ್ನು ಯಾರಿಗೂ ಕಾಣದಂತೆ ಬರೆದಿಡತೊಡಗಿದ.

1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿ, ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ಹೆಸರು ಹೊತ್ತ ಟಿಪ್ಪು, 1782ರ ಡಿಸೆಂಬರಿನಲ್ಲಿ ತಂದೆ ಹೈದರ್ ಅಲಿ ತೀರಿಕೊಂಡಾಗ ಅಧಿಕಾರಕ್ಕೆ ಬಂದ. ಎಲ್ಲವನ್ನೂ ತನ್ನ ಕೈಯಿಂದಲೇ ಹೊಸದಾಗಿಸುವ ಹಟ ಆತನದು. ನಾಣ್ಯ, ಅಳತೆ, ಊರಿನ ಹೆಸರು, ಕೊನೆಗೆ ಪಂಚಾಂಗವನ್ನೂ ಬಿಡಲಿಲ್ಲ. ಪ್ರಭವ, ವಿಭವ ಎಂದು ನಮ್ಮ ಹಳ್ಳಿಗಳಲ್ಲಿ ಎಣಿಸುತ್ತಿದ್ದ 60 ಸಂವತ್ಸರಗಳ ಚಕ್ರವನ್ನು ಹಾಗೆಯೇ ಉಳಿಸಿಕೊಂಡು, ಅವಕ್ಕೆ ಹೊಸ ಹೆಸರು ಕೊಟ್ಟ. ಅಹಮದಿ, ಬಹಾರಿ, ಜಾಫರಿ ಎಂದು ತಿಂಗಳುಗಳನ್ನು ಕರೆದ. ಕನಸಿನ ಪುಸ್ತಕದಲ್ಲಿ ತಾರೀಖು ಬಿದ್ದದ್ದು ಈ ಲೆಕ್ಕದಂತೆ: ಉಡುಗೆ ಪರ್ಷಿಯನ್ನಿನದು, ಒಳಗಿನ ಎಣಿಕೆ ಈ ನೆಲದ ಜೋಯಿಸರದು.

ಒಳ್ಳೆಯ ಕನಸು ಪ್ರವಾದಿತ್ವದ 46 ಭಾಗಗಳಲ್ಲಿ ಒಂದು ಎಂಬ ಹದೀಸನ್ನು ಕೇಳಿ ಬೆಳೆದವನು ಟಿಪ್ಪು. ಕನಸಿಗೆ ಬೆಲೆ ಕೊಟ್ಟ ಮುಸ್ಲಿಂ ದೊರೆಗಳಲ್ಲಿ ಆತನೇ ಮೊದಲಿಗನಲ್ಲ. ಮೊಘಲ್ ಬಾದಶಹ ಜಹಾಂಗೀರ್ ತಾನು ಇರಾನಿನ ಷಾ ಅಬ್ಬಾಸನನ್ನು ತಬ್ಬಿಕೊಂಡಂತೆ ಕನಸು ಕಂಡು, ಚಿತ್ರಕಾರ ಅಬುಲ್ ಹಸನ್‌ನಿಂದ ಅದನ್ನು ಚಿತ್ರವಾಗಿ ಬರೆಸಿದ್ದ. ಭೂಗೋಳದ ಮೇಲೆ ಮಲಗಿದ ಸಿಂಹದ ಬೆನ್ನೇರಿ ಜಹಾಂಗೀರ್, ಕುರಿಯ ಮೇಲೆ ಷಾ ಅಬ್ಬಾಸ್! ಅದು ನೋಡುವವರಿಗಾಗಿ ಸಿದ್ಧವಾದ ಕನಸು. ಟಿಪ್ಪುವಿನ ರೀತಿ ಬೇರೆ. ಗುರುವಿಲ್ಲ, ಚಿತ್ರಕಾರನಿಲ್ಲ, ಬರೆದವನೂ ತಾನೇ, ಕಡತದಲ್ಲಿ ಫಲ ಹೇಳಿದವನೂ ತಾನೇ. 1785ರಿಂದ 1798ರವರೆಗಿನ 37 ಕನಸುಗಳು ಹೀಗೆ ಆತನ ಸ್ವಹಸ್ತಾಕ್ಷರದಲ್ಲಿ ಉಳಿದುಬಂದಿವೆ.

1786ರಲ್ಲಿ ಸವಣೂರಿನ ಬಯಲಲ್ಲಿ ಮರಾಠರ ದಂಡು ಬಿಡಾರ ಹೂಡಿತ್ತು. ಹರಿಪಂತ ಫಡಕೆ ಅದರ ಸೇನಾಪತಿ. ರಾತ್ರಿಯ ದಾಳಿಗೆ ಮುನ್ನ ಟಿಪ್ಪು ಕಂಡ ಕನಸು ಹೀಗಿದೆ: ಅಪರಿಚಿತ ಚೆಲುವ ತರುಣನೊಬ್ಬ ಬಂದು ಪಕ್ಕದಲ್ಲಿ ಕೂತ. ಹೆಂಗಸಿನೊಡನೆ ಆಡುವಂತೆ ಸುಲ್ತಾನ ಅವನೊಡನೆ ಸರಸದ ಮಾತಾಡಿದ; ಇದು ತನ್ನ ಸ್ವಭಾವವಲ್ಲವಲ್ಲ ಎಂದು ತನ್ನಲ್ಲೇ ಅಳುಕಿದ. ತರುಣ ಎದ್ದು ನಾಲ್ಕು ಹೆಜ್ಜೆ ನಡೆದು ತಿರುಗಿ ಬಂದು, ಪೇಟದಡಿಯಿಂದ ಕೂದಲು ಬಿಚ್ಚಿ, ಅಂಗಿಯ ಕಸೆ ಸಡಿಲಿಸಿದಾಗ ನೋಡಿದರೆ ಹೆಣ್ಣು! ಎಚ್ಚರವಾಯಿತು. ಟಿಪ್ಪು ಇದನ್ನು ಜೊತೆಗಿದ್ದವರಿಗೆ ಹೇಳಿ ಅರ್ಥವನ್ನೂ ಬಿಡಿಸಿದ: ಈ ಮರಾಠರು ಗಂಡುಡುಗೆ ತೊಟ್ಟ ಹೆಂಗಸರು, ಕಾಳಗದಲ್ಲಿ ನಿಲ್ಲಲಾರರು. ಎರಡು ದಿನ ಕಳೆದು ಇನ್ನೂರು ಮುನ್ನೂರು ಮಂದಿಯೊಡನೆ ಫಡಕೆಯ ಡೇರೆಯವರೆಗೂ ನುಗ್ಗಿದೆ, ಅವರೆಲ್ಲ ಓಡಿದರು ಎಂದು ಅದರ ಕೆಳಗೇ ಬರೆದುಕೊಂಡ. ಕನಸು, ಫಲ, ಫಲದ ರುಜುವಾತು ಮೂರೂ ಒಂದೇ ಪುಟದಲ್ಲಿ ಕೂಡಿದ ಅಪರೂಪದ ದಾಖಲೆ ಇದು. ಮಲಗುವ ಮುನ್ನವೂ ಆತನ ಮನಸ್ಸು ದಾಳಿಯ ಲೆಕ್ಕದಲ್ಲಿತ್ತು, ಎದ್ದಮೇಲೂ ಅದೇ ಲೆಕ್ಕದಲ್ಲಿತ್ತು ಎಂಬುದು ಓದುವವರಿಗೆ ತಿಳಿಯದೆ ಹೋಗುವುದಿಲ್ಲ.

ಮಿಕ್ಕ ಕನಸುಗಳಲ್ಲಿ ಉಡುಗೊರೆಗಳ ಸಾಲೇ ಇದೆ. ಬೆಳ್ಳಿಯ ಮೂರು ತಟ್ಟೆಗಳಲ್ಲಿ ಗೇಣುದ್ದದ ರಸಭರಿತ ಖರ್ಜೂರ ಬಂದಂತಾಯಿತು. ಮೂವರು ಶತ್ರುಗಳ ರಾಜ್ಯ ಕೈಸೇರುತ್ತದೆ ಎಂದು ಆತ ಅರ್ಥ ಹಚ್ಚಿದ. ಚೀನಾದ ದೊರೆ ಬಿಳಿಯಾನೆಯನ್ನು ಕಳುಹಿಸಿದ. ಸಿಕಂದರನನ್ನು ಬಿಟ್ಟರೆ ಈ ಗೌರವ ನಿಮಗೇ ಎಂದು ದೂತರು ಅರಿಕೆ ಮಾಡಿದರು. ಪ್ರವಾದಿಯವರು ಹಸಿರು ಪೇಟ ಕೊಟ್ಟು ಕಟ್ಟಿಕೋ ಎಂದರು. ಕಲಬುರಗಿಯ ಖ್ವಾಜಾ ಬಂದೇನವಾಜರೂ ತಮ್ಮದೊಂದು ಪೇಟ ಕೊಟ್ಟರು. ಹೈದರನ ಮಗ ಪಟ್ಟದ ವಂಶದಲ್ಲಿ ಹುಟ್ಟಿದವನಲ್ಲ. ಮೈಸೂರಿನ ಒಡೆಯರ ಮನೆತನ ಅದೇ ಪಟ್ಟಣದಲ್ಲಿತ್ತು. ಹಗಲಿನ ರಾಜಕೀಯ ಪೂರ್ತಿಯಾಗಿ ಕೊಡದ ಮನ್ನಣೆಯನ್ನು ಇರುಳು ಸಂತರ ಕೈಯಿಂದ ಕೊಡಿಸುತ್ತಿತ್ತು.

ಇನ್ನೊಂದು ಕನಸಿನಲ್ಲಿ ಹಿಂಭಾಗ ಕೊಂಚ ಶಿಥಿಲವಾದ ದೊಡ್ಡ ದೇವಾಲಯ. ಒಳಹೊಕ್ಕರೆ ವಿಗ್ರಹಗಳು ಮನುಷ್ಯರಂತೆ ಕಣ್ಣಾಡಿಸುತ್ತಿವೆ. ಕೊನೆಯ ಸಾಲಿನಲ್ಲಿ ಎರಡು ಸ್ತ್ರೀ ವಿಗ್ರಹ. ಅವುಗಳಲ್ಲಿ ಒಂದು ಸೀರೆಯ ನೆರಿಗೆ ಸರಿಪಡಿಸಿಕೊಂಡು, ನಾವು ಬಹುಕಾಲದಿಂದ ದೇವರ ಧ್ಯಾನದಲ್ಲಿದ್ದೇವೆ ಎಂದಿತು. ಒಳ್ಳೆಯದು, ಹಾಗೆಯೇ ಮಾಡುತ್ತಿರಿ ಎಂದು ಸುಲ್ತಾನ ಹೇಳಿ, ಗುಡಿಯನ್ನು ದುರಸ್ತಿ ಮಾಡಿಸಲು ಆಳುಗಳಿಗೆ ಅಪ್ಪಣೆ ಕೊಟ್ಟ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಅಲ್ಲಿನ ಸ್ವಾಮಿಗಳಿಗೆ ಪತ್ರ ಬರೆದು ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದವನೂ ಈತನೇ. ಆ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ದೊರೆತವು.

ಆದರೆ ಅದೇ ಕಡತದ ಬೇರೊಂದು ಪುಟದಲ್ಲಿ, ಗುಡ್ಡಗಾಡಿನ ಪರಧರ್ಮೀಯರು ಇಸ್ಲಾಮಿಗೆ ಬರಲಿ ಎಂದು ಪ್ರಾರ್ಥಿಸಿ ಮಲಗಿದ ರಾತ್ರಿಯ ಕನಸಿದೆ. ಕಾಡಿನ ದಾರಿಯಲ್ಲಿ ಕರುವಿನೊಡನೆ ಒಂದು ಹಸು. ಮುಖ, ಹಲ್ಲು, ಪಟ್ಟೆ ಹುಲಿಯವು, ಮುಂಗಾಲು ಹಸುವಿನವು, ಹಿಂಗಾಲುಗಳೇ ಇಲ್ಲ. ಅದನ್ನು ಕಡಿದುಹಾಕುವ ಯೋಚನೆಯಲ್ಲಿರುವಾಗ ಎಚ್ಚರವಾಯಿತು. ಹಿಂಗಾಲಿಲ್ಲದ್ದು ಎಂದರೆ ಶತ್ರುವಿಗೆ ಬೆಂಬಲವಿಲ್ಲ, ನೋಟಕ್ಕೆ ಹುಲಿ, ನಿಜಕ್ಕೆ ಹಸು ಎಂದು ಆತ ಫಲ ಬರೆದ. ಕೊಡಗು, ಮಲಬಾರು, ಮಂಗಳೂರಿನ ಕ್ರೈಸ್ತರ ನೆನಪಿನಲ್ಲಿ ಟಿಪ್ಪು ಉಳಿದದ್ದು ಈ ಪುಟದವನಾಗಿ. ಗುಡಿಯನ್ನು ದುರಸ್ತಿ ಮಾಡಿಸಿದವನೂ ಹಸುವಿನ ಮೇಲೆ ಕತ್ತಿಯೆತ್ತಲು ಹೊರಟವನೂ ಒಂದೇ ದಿಂಬಿಗೆ ತಲೆ ಕೊಟ್ಟವನು.

1792ರ ಮಾರ್ಚಿನಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದಾಗಿ ಪಟ್ಟಣವನ್ನು ಮುತ್ತಿದ್ದರ ಫಲವಾಗಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಎಳೆಯ ಮಕ್ಕಳು ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಬಳಿ ಒತ್ತೆಯಾದರು. ಖರ್ಜೂರದ ಮೂರು ತಟ್ಟೆಗಳು ಶತ್ರುಗಳ ಪಾಲಿಗೇ ಬಡಿಸಿದಂತಾಯಿತು. ಕೌಲಿಗೆ ಸಹಿ ಬಿದ್ದ ದಿನದಿಂದ ಸುಲ್ತಾನ ಹಾಸಿಗೆ ಬಿಟ್ಟು ಒರಟು ಬಟ್ಟೆ ಹಾಸಿ ನೆಲದ ಮೇಲೆ ಮಲಗುತ್ತಿದ್ದ ಎಂದು ಆತನ ಚರಿತ್ರೆ ಬರೆದ ಕಿರ್ಮಾನಿ ಹೇಳುತ್ತಾನೆ.

ಕನಸುಗಳು ಮಾತ್ರ ತಗ್ಗಲಿಲ್ಲ. ಒಂದರಲ್ಲಿ ಫ್ರೆಂಚ್ ಸರದಾರನೊಬ್ಬ ಬಂದು, 10,000 ಮಂದಿ ದೃಢಕಾಯದ ತರುಣರನ್ನು ನಿಮ್ಮ ಸೇವೆಗೆಂದು ಕರಾವಳಿಯಲ್ಲಿ ಇಳಿಸಿದ್ದೇನೆ ಎನ್ನುತ್ತಾನೆ. ನಮ್ಮಲ್ಲೂ ಯುದ್ಧದ ಸಿದ್ಧತೆ ಮುಗಿದಿದೆ ಎಂದು ಸುಲ್ತಾನ ಉತ್ತರಿಸುತ್ತಾನೆ. ಹಗಲಿನಲ್ಲಿ ಆತ ಇದಕ್ಕಾಗಿಯೇ ಮಾರಿಷಸ್‌ಗೆ ದೂತರನ್ನು ಅಟ್ಟಿದ. ಅಲ್ಲಿನ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಗುಟ್ಟನ್ನೆಲ್ಲ ಬಯಲು ಮಾಡಿ ಬಹಿರಂಗ ಪ್ರಕಟಣೆ ಹೊರಡಿಸಿದ. ಕೊನೆಗೆ ಮಂಗಳೂರಿನಲ್ಲಿ ಇಳಿದವರು ನೂರಕ್ಕೂ ಕಡಿಮೆ. ಅಷ್ಟು ಜನರಿಂದ ಪಟ್ಟಣ ಉಳಿಯುವಂತಿರಲಿಲ್ಲ. ಆದರೆ ಯುದ್ಧಕ್ಕೆ ನೆಪ ಹುಡುಕುತ್ತಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟೇ ಸಾಕಾಯಿತು.

1799ರ ಮೇ 4ರ ಬೆಳಿಗ್ಗೆ ಜೋಯಿಸರು ದಿನ ಕೆಟ್ಟದ್ದೆಂದರು. ಸುಲ್ತಾನ ಬ್ರಾಹ್ಮಣರಿಗೆ ಆನೆ, ಕರಿಯ ಎತ್ತು ಮೊದಲಾದ ದಾನ ಕೊಟ್ಟ. ಬೇರೆಯವರು ಹೇಳಿದ ಕೆಟ್ಟ ಫಲಕ್ಕೆ ಕಿವಿಗೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಮಧ್ಯಾಹ್ನ ಈಸ್ಟ್ ಇಂಡಿಯಾ ಕಂಪನಿಯ ಪಡೆ ಕಾವೇರಿಯನ್ನು ದಾಟಿ, ಒಡೆದ ಕೋಟೆಗೋಡೆಯನ್ನೇರಿತು. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹ ಸಿಕ್ಕಿತು.

ಅರಮನೆಯಲ್ಲಿ ಒಂದು ಬರವಣಿಗೆ ಪೆಟ್ಟಿಗೆಯ ಗುಪ್ತ ಕಾಗದಗಳ ನಡುವೆ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಪುಟ್ಟ ಪುಸ್ತಕ ದೊರೆಯಿತು. ಸುಲ್ತಾನನ ನೆಚ್ಚಿನ ನೌಕರ ಹಬೀಬುಲ್ಲಾ ಆಗ ಅಲ್ಲೇ ಇದ್ದ. ಇಂಥದೊಂದು ಪುಸ್ತಕ ಉಂಟೆಂದು ಅವನಿಗೆ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಓದುವಾಗಲೋ ಬರೆಯುವಾಗಲೋ ಯಾರಾದರೂ ಹತ್ತಿರ ಸುಳಿದರೆ ಸುಲ್ತಾನ ಅದನ್ನು ಮರೆಮಾಡುತ್ತಿದ್ದನಂತೆ. ಕಂಪನಿಯ ಸೇನಾಧಿಕಾರಿ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಯುದ್ಧದ ಇತಿಹಾಸವನ್ನು ಅಚ್ಚು ಹಾಕಿಸಿದಾಗ ಅದರಲ್ಲಿ ಆರು ಕನಸುಗಳ ಅನುವಾದ ಸೇರಿಸಿದ. ಮೂಲ ಪುಸ್ತಕವನ್ನು ವೆಲ್ಲೆಸ್ಲಿಯ ಪರವಾಗಿ ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದ. ಸತ್ತ ದೊರೆಯ ನಿದ್ದೆಯೂ ಗೆದ್ದವರ ಸಾಕ್ಷಿಪತ್ರಗಳ ಕಟ್ಟಿಗೆ ಸೇರಿತು. 37ರ ಪೂರ್ಣ ಇಂಗ್ಲಿಷ್ ಅನುವಾದವನ್ನು ಇಪ್ಪತ್ತನೆಯ ಶತಮಾನದಲ್ಲಿ ಇತಿಹಾಸಕಾರ ಮಹಮೂದ್ ಹುಸೇನ್ ಮಾಡಿದರು. ಗಿರೀಶ ಕಾರ್ನಾಡರು ಈ ಕನಸುಗಳನ್ನೇ ಹಿಡಿದು ಬಿಬಿಸಿ ರೇಡಿಯೋಗಾಗಿ ನಾಟಕ ಬರೆದರು.

ಕನಸು ರಾಜ್ಯ ಉಳಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಅದರ ಫಲವನ್ನು ಯಾರು ಹೇಳುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ತನ್ನ ಕನಸಿಗೆ ತಾನೇ ಫಲ ಹೇಳಿಕೊಂಡ ಟಿಪ್ಪುವಿಗೆ ಹೆಚ್ಚಿನ ಪುಟಗಳಲ್ಲಿ ಕಂಡದ್ದು ಜಯ. ಆರನ್ನೇ ಆರಿಸಿದ ಬೀಟ್ಸನ್ನನಿಗೆ ಕಂಡದ್ದು ತನ್ನ ಯುದ್ಧದ ಸಮರ್ಥನೆ. ಇಂದಿನ ನಾವೂ ಅದನ್ನೇ ಮಾಡುತ್ತಿದ್ದೇವೆ: ಹಾರ ಹಾಕುವವರು ಗುಡಿಯ ಕನಸನ್ನು ಎತ್ತಿ ಹಿಡಿಯುತ್ತಾರೆ, ಕಲ್ಲೆಸೆಯುವವರು ಹಸುವಿನ ಕನಸನ್ನು. ಹಸ್ತಪ್ರತಿ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಟಿಪ್ಪುವಿನ ಬಗ್ಗೆ ತೀರ್ಪು ಕೊಡಬೇಕೆನ್ನುವವರು ಅದರ ಒಂದೆರಡು ಪುಟ ಹರಿದುಕೊಳ್ಳದೆ, 37 ಕನಸನ್ನೂ ಪೂರ್ತಿ ಓದಲಿ, ಆಮೇಲೆ ಮಾತಾಡಲಿ.