ಮೊದಲ ಸೆಕ್ಟರಿನ ಒಡೆತನ

ಮನೆಯ ಕಂಪ್ಯೂಟರಿನಲ್ಲಿ ಮೊದಲಿನಿಂದ ನೆಲೆಗೊಂಡಿರುವ ಕಾರ್ಯಾಚರಣ ವ್ಯವಸ್ಥೆಯನ್ನು ಅಳಿಸದೆ, ಅದರ ಪಕ್ಕದಲ್ಲಿಯೇ ಇನ್ನೊಂದನ್ನು ಸ್ಥಾಪಿಸಿ, ಯಂತ್ರವನ್ನು ಎಬ್ಬಿಸಿದಾಗಲೆಲ್ಲ ಎರಡರಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಪದ್ಧತಿಯ ಮೂಲವನ್ನು ಅರಸಿ ಹೊರಟವರು, ಡಿಸ್ಕಿನ ಮೊತ್ತಮೊದಲ ಸೆಕ್ಟರಿನ 512 ಬೈಟುಗಳಷ್ಟು ಅಲ್ಪವಾದ ಸ್ಥಳಕ್ಕೆ ಬಂದು ನಿಲ್ಲಬೇಕಾಗುತ್ತದೆ. ಆ ಸ್ಥಳವು ಯಾರ ವಶದಲ್ಲಿರಬೇಕೆಂಬ ವಿವಾದವೇ ಈ ಪದ್ಧತಿಯ ಚರಿತ್ರೆಯ ಬಹುಭಾಗ.

1981ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲವಾದುದರಿಂದ ವಿವಾದಕ್ಕೂ ಆಸ್ಪದವಿರಲಿಲ್ಲ. ಬೇಕಾದ ವ್ಯವಸ್ಥೆಯ ಫ್ಲಾಪಿಯನ್ನು ತೂರಿಸಿದರೆ ಸಾಕಾಗುತ್ತಿತ್ತು. 1983ರ ಮಾರ್ಚಿನಲ್ಲಿ 10 ಮೆಗಾಬೈಟಿನ ಡಿಸ್ಕಿನೊಡನೆ ಪಿಸಿ ಎಕ್ಸ್‌ಟಿಯೂ, ಅದರ ಜೊತೆಯಲ್ಲಿ ಡಾಸ್ ವ್ಯವಸ್ಥೆಯ 2.0 ಆವೃತ್ತಿಯೂ ಬಂದವು. ಆಗ ಮೊದಲ ಸೆಕ್ಟರಿನಲ್ಲಿ ಆರಂಭದ ಕಿರು ಪ್ರೋಗ್ರಾಮಿಗೆ 446 ಬೈಟುಗಳ ಅವಕಾಶವನ್ನೂ, ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ 64 ಬೈಟುಗಳನ್ನೂ, ಗುರುತಿನ ಮುದ್ರೆಗೆ ಉಳಿದ 2 ಬೈಟುಗಳನ್ನೂ ಮೀಸಲಿಟ್ಟರು. ಡಾಸ್ ಅಂದು ತನಗಾಗಿ ಮಾಡಿಕೊಳ್ಳಬಲ್ಲ ಪಾರ್ಟಿಷನ್ ಒಂದೇ. ಮಿಕ್ಕ ಮೂರು ಸ್ಥಾನಗಳು ಅನ್ಯ ವ್ಯವಸ್ಥೆಗಳಿಗೆಂದೇ ತೆರೆದಿದ್ದವು. ಇಷ್ಟು ಕಿರಿದಾದ ಡಿಸ್ಕಿನಲ್ಲಿಯೂ ಪರರಿಗೆ ಎಡೆಯಿರಲೆಂದು ಯೋಚಿಸಿದ ಆ ತಂತ್ರಜ್ಞರ ಔದಾರ್ಯಕ್ಕೆ ತಕ್ಕ ಮನ್ನಣೆ ದೊರೆತಿಲ್ಲವೆಂದೇ ನನ್ನ ಭಾವನೆ. ಆದರೆ ಅಣ್ಣತಮ್ಮಂದಿರು ಪಾಲಾದ ಮೇಲೂ ಹಳೆಯ ಮನೆಗೆ ಹೆಬ್ಬಾಗಿಲು ಒಂದೇ ಉಳಿಯುವಂತೆ, ಪಾಲು ನಾಲ್ಕಾದರೂ ಇಲ್ಲಿ ಪ್ರವೇಶದ ದಾರಿ ಒಂದೇ ಆಗಿತ್ತು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ 386 ಯಂತ್ರದಲ್ಲಿ, ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಟ್ಯಾನೆನ್‌ಬಾಮರು ಬೋಧನೆಗಾಗಿ ರಚಿಸಿದ್ದ ಮಿನಿಕ್ಸನ್ನು ಹೂಡಿಕೊಂಡು, ಅದರ ಆಶ್ರಯದಲ್ಲಿಯೇ ಲಿನಕ್ಸನ್ನು ಬರೆಯತೊಡಗಿದನು. ಹೀಗೆ ಲಿನಕ್ಸ್ ಹುಟ್ಟಿದುದೇ ಇನ್ನೊಂದು ವ್ಯವಸ್ಥೆಯ ನೆರೆಯಲ್ಲಿ. ಮರುವರ್ಷ ವರ್ನರ್ ಆಲ್ಮೆಸ್‌ಬರ್ಗರ್ ರಚಿಸಿದ ಲೈಲೋ ಎಂಬ ಬೂಟ್ ಲೋಡರು ಆ ಒಂದೇ ದ್ವಾರದಲ್ಲಿ ನಿಂತು, ಬಂದವನನ್ನು ಲಿನಕ್ಸಿಗೋ ಡಾಸಿಗೋ ಕಳುಹಿಸತಕ್ಕ ಕಾರ್ಯವನ್ನು ವಹಿಸಿಕೊಂಡಿತು. ತನ್ನ ಹೆಸರಿನ ನಾಲ್ಕು ರೋಮನ್ ಅಕ್ಷರಗಳನ್ನು ಅದು ಒಂದೊಂದು ಹಂತವನ್ನು ದಾಟಿದಂತೆಲ್ಲ ತೆರೆಯ ಮೇಲೆ ಮೂಡಿಸುತ್ತಿದ್ದುದರಿಂದ, ಎರಡನೆಯ ಅಕ್ಷರಕ್ಕೆ ನಿಂತುಹೋದರೆ ಮುಂದಿನ ಘಟ್ಟವು ಕೈಗೆ ಸಿಕ್ಕರೂ ನಡೆಯಲಿಲ್ಲವೆಂದು ಬಲ್ಲವರು ಊಹಿಸಿಕೊಳ್ಳುತ್ತಿದ್ದರು. ಅದಕ್ಕೆ ಫೈಲುಗಳ ಅರಿವಿರಲಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆಯೆಂಬ ಪಟ್ಟಿಯನ್ನಷ್ಟೇ ಅದು ನಂಬಿತ್ತು. ಆದುದರಿಂದ ಕರ್ನೆಲನ್ನು ಬದಲಿಸಿದವನು ಲೈಲೋವನ್ನು ಮತ್ತೆ ನಡೆಸಲು ಮರೆತನೆಂದರೆ ಮರುದಿನ ಲಿನಕ್ಸ್ ಏಳುತ್ತಿರಲಿಲ್ಲ. ಫೈಲುಗಳನ್ನು ತಾನೇ ಓದಬಲ್ಲ ಗ್ರಬ್ ಎಂಬ ಲೋಡರನ್ನು ಎರಿಕ್ ಬೋಲೀನ್ 1995ರಲ್ಲಿ ಆರಂಭಿಸಿದ ಮೇಲೆ ಈ ಕಷ್ಟವು ಕ್ರಮೇಣ ನೀಗಿತು.

ಆ ಕಾಲದಲ್ಲಿ ಮನೆಯಲ್ಲಿ ಈ ಕಾರ್ಯಕ್ಕೆ ಕೈಹಾಕುವುದೆಂದರೆ ಧೈರ್ಯದ ಮಾತು. ಇದ್ದುದೆಲ್ಲವನ್ನೂ ಬ್ಯಾಕಪ್ ಮಾಡಿಕೊಂಡು, ಡಿಸ್ಕಿನ ತುಂಬ ಚದುರಿದ ಫೈಲುಗಳನ್ನು ಡಿಫ್ರಾಗ್ ಮಾಡಿ ಮುಂಭಾಗಕ್ಕೆ ಸರಿಸಿ, ಫಿಪ್ಸ್ ಎಂಬ ಸಣ್ಣ ಪ್ರೋಗ್ರಾಮಿನಿಂದ ಡಾಸಿನ ಪಾರ್ಟಿಷನ್ನನ್ನು ಸೀಳಿ, ಹೊಸದಕ್ಕೆ ಜಾಗ ಮಾಡಬೇಕಿತ್ತು. ವಿಂಡೋಸ್ 95 ತಾನು ಸ್ಥಾಪನೆಗೊಳ್ಳುವಾಗ ಮೊದಲ ಸೆಕ್ಟರಿನಲ್ಲಿ ಯಾರಿದ್ದಾರೆಂದು ಕೇಳದೆ ತನ್ನದನ್ನೇ ಬರೆಯುತ್ತಿದ್ದುದರಿಂದ, ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಕ್ರಮವು ಬಳಕೆದಾರರಲ್ಲಿ ರೂಢಿಯಾಯಿತು.

ಲೈಸೆನ್ಸಿನ ಕರಾರುಗಳೂ ಈ ವಿವಾದದೊಳಗೆ ಬಂದವು. ಹಿಟಾಚಿ ಸಂಸ್ಥೆಯು ವಿಂಡೋಸಿನ ಜೊತೆಗೆ ಬಿಓಎಸ್ ಎಂಬ ವ್ಯವಸ್ಥೆಯನ್ನೂ ತುಂಬಿದ ಕಂಪ್ಯೂಟರುಗಳನ್ನು ಮಾರಿತಾದರೂ, ಎರಡನ್ನೂ ತೋರಿಸಬೇಕಾದ ಬೂಟ್ ಮೆನು ಅವುಗಳಲ್ಲಿರಲಿಲ್ಲ. ಕೊಂಡವನ ಡಿಸ್ಕಿನಲ್ಲಿಯೇ ಇದ್ದ ವಸ್ತುವು ಅವನ ಕಣ್ಣಿಗೆ ಬೀಳಲಿಲ್ಲ. ಮೈಕ್ರೋಸಾಫ್ಟಿನ ಕರಾರುಗಳೇ ಇದಕ್ಕೆ ಕಾರಣವೆಂದು ಬಿಓಎಸ್ ನಿರ್ಮಾತೃಗಳು ಆರೋಪಿಸಿ 2002ರಲ್ಲಿ ದಾವೆ ಹೂಡಿದರು. ಮರುವರ್ಷ ಮೈಕ್ರೋಸಾಫ್ಟ್ ತಪ್ಪನ್ನು ಒಪ್ಪಿಕೊಳ್ಳದೆಯೇ ಸುಮಾರು 2.3 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಅಷ್ಟರಲ್ಲಿ ಆ ಸುಂದರವಾದ ವ್ಯವಸ್ಥೆ ಅಳಿದುಹೋಗಿತ್ತೆಂಬುದು ವ್ಯಥೆಯ ಸಂಗತಿ.

ನಮ್ಮಲ್ಲಿ ಲಿನಕ್ಸ್ ಬಹುಮಂದಿಗೆ ದೊರೆತುದು ಪತ್ರಿಕೆಗಳ ಜೊತೆಗೆ ಬರುತ್ತಿದ್ದ ಸಿಡಿಗಳಿಂದ. ಡಯಲಪ್ ತಂತಿಯ ಮೇಲೆ ಅಷ್ಟನ್ನು ಇಳಿಸಿಕೊಳ್ಳುವುದು ಕನಸೇ ಸರಿ. ಆದರೆ ಕನ್ನಡ ಬೆರಳಚ್ಚಿಗೆ ಆಧಾರವಾಗಿದ್ದ ನುಡಿ ತಂತ್ರಾಂಶವು ವಿಂಡೋಸನ್ನೇ ಅವಲಂಬಿಸಿದ್ದುದರಿಂದ, ಲಿನಕ್ಸಿಗೆ ಮನಸೋತ ಕನ್ನಡಿಗನಿಗೂ ವಿಂಡೋಸಿನ ಪಾಲನ್ನು ಅಳಿಸಿಬಿಡುವುದು ಸುಲಭವಾಗಿರಲಿಲ್ಲ. ನಮ್ಮ ನಾಡಿನಲ್ಲಿ ಎರಡು ವ್ಯವಸ್ಥೆಗಳ ಸಹವಾಸಕ್ಕೆ ಭಾಷೆಯೂ ಒಂದು ಕಾರಣವಾಯಿತೆಂಬುದನ್ನು ಚರಿತ್ರಕಾರರು ಗಮನಿಸತಕ್ಕದ್ದು.

2012ರಲ್ಲಿ ವಿಂಡೋಸ್ 8ರೊಡನೆ ಸೆಕ್ಯೂರ್ ಬೂಟ್ ಮನೆಮನೆಗೆ ಬಂದಿತು. ಯಂತ್ರವನ್ನು ಎಬ್ಬಿಸುತ್ತಿದ್ದ ಹಳೆಯ ಬಯೋಸಿನ ಬದಲು ನಿಂತ ಯುಇಎಫ್‌ಐನಲ್ಲಿ ಪಾರ್ಟಿಷನ್‌ಗಳಿಗೆ 128 ಸ್ಥಾನಗಳೂ, ಒಂದೊಂದು ವ್ಯವಸ್ಥೆಯ ಲೋಡರಿಗೆ ಪ್ರತ್ಯೇಕ ಫೋಲ್ಡರೂ ದೊರೆತು ಹಳೆಯ ಇಕ್ಕಟ್ಟು ತೀರಿತು. ಆದರೆ ಮಾನ್ಯವಾದ ಸಹಿಯಿಲ್ಲದ ಲೋಡರಿಗೆ ಪ್ರವೇಶವೇ ಇಲ್ಲವೆಂಬ ಸೆಕ್ಯೂರ್ ಬೂಟಿನ ಹೊಸ ನಿರ್ಬಂಧವೂ ಜೊತೆಗೇ ಬಂದಿತು. ಮ್ಯಾಥ್ಯೂ ಗ್ಯಾರೆಟ್ ಶಿಮ್ ಎಂಬ ಕಿರು ಪ್ರೋಗ್ರಾಮನ್ನು ಸಿದ್ಧಪಡಿಸಿ, ಅದಕ್ಕೆ ಮೈಕ್ರೋಸಾಫ್ಟಿನ ಸಹಿಯನ್ನು ಪಡೆದು, ಲಿನಕ್ಸಿಗೆ ದಾರಿ ಮಾಡಿಕೊಟ್ಟರು. ಇಂಟೆಲ್ ಜಾತಿಯ ಯಂತ್ರಗಳಲ್ಲಿ ಈ ತಪಾಸಣೆಯನ್ನು ನಿಲ್ಲಿಸುವ ಅಧಿಕಾರ ಬಳಕೆದಾರನಿಗೆ ಇರಲೇಬೇಕೆಂದು ವಿಂಡೋಸ್ 8ರ ನಿಯಮಗಳು ವಿಧಿಸಿದ್ದವು. ಎಆರ್‌ಎಂ ಯಂತ್ರಗಳಲ್ಲಿ ಅದು ಇರಕೂಡದೆಂದು ಅದೇ ನಿಯಮಗಳು ನಿಷೇಧಿಸಿದವು. ವಿಂಡೋಸ್ 10ರ ಕಾಲಕ್ಕೆ ಇಂಟೆಲ್ ಯಂತ್ರಗಳಲ್ಲಿಯೂ ಆ ಅಧಿಕಾರವನ್ನು ಕೊಡುವುದು ಬಿಡುವುದು ತಯಾರಕರ ಇಚ್ಛೆಗೆ ಸೇರಿತು.